ಕಲಬುರಗಿಯಿಂದ ಗಿಲಿಗೆ: ಮೋಟಾರು ಗಾಡಿ ಇಲ್ಲದ ಪುಟ್ಟ ದ್ವೀಪದಲ್ಲಿ ಐದು ರಾತ್ರಿ ಕಳೆಯುವುದು ಹೇಗೆ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ತಲೆ ಧಿಮ್ಮೆನ್ನುತ್ತದೆ. ಮೇಲೆ 42 ಡಿಗ್ರಿ ಬಿಸಿಲು, ಸುತ್ತ ಆಟೋ, ಟಂಟಂ, ಬೈಕುಗಳ ಹಾರ್ನ್. ಅದಕ್ಕೇ ಇರಬೇಕು, ಇಂಡೋನೇಷ್ಯಾದ ಗಿಲಿ ದ್ವೀಪದಲ್ಲಿ ಮೊದಲ ದಿನ ಬೆಳಗ್ಗೆ ಎಚ್ಚರವಾದಾಗ ನನಗೆ ಏನೋ ಕಳೆದುಹೋದ ಹಾಗೆ ಅನಿಸಿತು. ಏನು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಇಂಜಿನ್ ಸದ್ದೇ ಇರಲಿಲ್ಲ. ಅಲೆ, ಕೋಳಿ, ದೂರದಲ್ಲಿ ಕುದುರೆ ಗಾಡಿಯ ಗೆಜ್ಜೆ. ಅಷ್ಟೇ.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾಲ್ಕು ದಿನದಲ್ಲಿ ಮೂರು ದ್ವೀಪ ಸುತ್ತಿ ದಣಿದು ಬಂದೆ. ಎರಡನೇ ಸಲ ಒಂದೇ ದ್ವೀಪದಲ್ಲಿ ಐದು ರಾತ್ರಿ ಇದ್ದೆ, ನಿಜವಾಗಿ ವಿಶ್ರಾಂತಿ ಸಿಕ್ಕಿತು. ಸಮುದ್ರದಿಂದ ಇಷ್ಟು ದೂರ ಇರುವ ಕಲಬುರಗಿ, ಬೀದರ್, ಯಾದಗಿರಿಯವರು ಇಂಥ ಕಡೆ ಹೋಗುವಾಗ ಏನೇನು ಮಾಡಿಕೊಳ್ಳಬೇಕು ಅಂತ ಮೊದಲಿನಿಂದ ಹೇಳುತ್ತೇನೆ.

ಮೂರರಲ್ಲಿ ಯಾವುದು?

ಇಂಡೋನೇಷ್ಯಾದ ಬಾಲಿಯ ಪಕ್ಕದಲ್ಲಿ ಲೊಂಬೊಕ್ ಅನ್ನುವ ದೊಡ್ಡ ದ್ವೀಪವಿದೆ. ಅದರ ವಾಯವ್ಯ ತುದಿಯಲ್ಲಿ ಮೂರು ಪುಟ್ಟ ದ್ವೀಪಗಳು ಸಾಲಾಗಿವೆ: ಗಿಲಿ ತ್ರಾವಂಗನ್, ಗಿಲಿ ಮೆನೊ, ಗಿಲಿ ಆಯಿರ್. ಲೊಂಬೊಕ್‌ನ ಸಾಸಕ್ ಜನರ ಮಾತಿನಲ್ಲಿ ಗಿಲಿ ಅಂದರೇನೇ ಸಣ್ಣ ದ್ವೀಪ. ಕಾರು, ಪೆಟ್ರೋಲ್ ಬೈಕು ಮೂರರಲ್ಲೂ ಇಲ್ಲ. ನಡೆಯಬೇಕು, ಸೈಕಲ್ ತುಳಿಯಬೇಕು, ಇಲ್ಲವೇ ಚಿದೊಮೊ ಹತ್ತಬೇಕು. ಚಿದೊಮೊ ಅಂದರೆ ಕಾರಿನ ಟೈರು ಹಾಕಿದ ಕುದುರೆ ಗಾಡಿ. ನಮ್ಮ ಊರಿನ ಹಳೇ ಟಾಂಗಾ ನೋಡಿದವರಿಗೆ ಅದು ಹೊಸದಲ್ಲ. ಈಚೆಗೆ ಬ್ಯಾಟರಿ ಸೈಕಲ್‌ಗಳೂ ಬಂದಿವೆ, ತ್ರಾವಂಗನ್‌ನಲ್ಲಿ ಅವು ಜಾಸ್ತಿ.

ತ್ರಾವಂಗನ್ ಮೂರರಲ್ಲಿ ದೊಡ್ಡದು. ದೊಡ್ಡದು ಅಂದರೂ ಉದ್ದ ಸುಮಾರು 3 ಕಿಲೋಮೀಟರ್, ಅಗಲ 2. ಅಂಗಡಿ, ಸಂಗೀತ, ರಾತ್ರಿ ಗದ್ದಲ ಎಲ್ಲ ಅಲ್ಲಿವೆ. ಮೆನೊ ನಡುವಿನದು, ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ನಿಶ್ಶಬ್ದ. ಅದರ ಒಳಗೊಂದು ಉಪ್ಪುನೀರಿನ ಕೆರೆ ಇದೆ. ಆಯಿರ್ ಲೊಂಬೊಕ್‌ಗೆ ಹತ್ತಿರ. ಊರಿನ ಜನ, ಶಾಲೆ, ಮಸೀದಿ, ಸಣ್ಣ ಹೋಟೆಲ್, ಎಲ್ಲವೂ ಹದವಾಗಿ ಬೆರೆತಿವೆ. ಎರಡು ತಾಸು ಆರಾಮಾಗಿ ನಡೆದರೆ ಒಂದು ಸುತ್ತು ಮುಗಿಯುತ್ತದೆ.

ಹೊಸದಾಗಿ ಹೊರಟವರಿಗೆ, ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ, ನಾನು ಹೇಳುವುದು ಆಯಿರ್. ಹೊಸದಾಗಿ ಮದುವೆಯಾದವರಿಗೆ ಮೆನೊ. ತ್ರಾವಂಗನ್‌ಗೆ ಬೇಕಾದರೆ ಒಂದು ದಿನ ದೋಣಿಯಲ್ಲಿ ಹೋಗಿ ಸಂಜೆಗೆ ಬನ್ನಿ. ಯಾವುದೇ ಆಗಲಿ, ಒಂದನ್ನೇ ಆರಿಸಿಕೊಳ್ಳಿ. ದ್ವೀಪ ಬದಲಿಸಿದ ದಿನ ಅರ್ಧ ದಿನ ಚೀಲ ಕಟ್ಟುವುದರಲ್ಲಿ, ದೋಣಿ ಕಾಯುವುದರಲ್ಲೇ ಹೋಗುತ್ತದೆ.

ನಮಗೆ ಮಳೆ, ಅವರಿಗೆ ಬಿಸಿಲು

ಗಿಲಿ ಇರುವುದು ಭೂಮಧ್ಯ ರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕೆ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ. ನಮ್ಮಲ್ಲಿ ತೊಗರಿ ಬಿತ್ತುವ ಹೊತ್ತಿಗೆ ಅಲ್ಲಿ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಉಷ್ಣಾಂಶ 30ರ ಆಸುಪಾಸು, ಗಾಳಿ ಬೇರೆ. ಕಲಬುರಗಿಯ ಬೇಸಿಗೆ ಕಂಡವರಿಗೆ ಅದು ತಂಪೇ.

ಜುಲೈ, ಆಗಸ್ಟ್‌ನಲ್ಲಿ ಯುರೋಪಿನವರ ರಜೆ. ಕೋಣೆ ಬಾಡಿಗೆ ಏರುತ್ತದೆ, ಗಾಳಿಯೂ ಜೋರು, ದೋಣಿ ಕುಣಿಯುತ್ತದೆ. ಹಾಗಾಗಿ ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಮಕ್ಕಳ ಬೇಸಿಗೆ ರಜೆಗೆ ಮೇ ತಿಂಗಳು ಸರಿಯಾಗಿ ಕೂಡುತ್ತದೆ.

ಯುಗಾದಿ ರಜೆಗೆ ಹೊರಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಬಾಲಿಯ ಹಿಂದೂಗಳದ್ದೂ ಶಕ ಪಂಚಾಂಗ. ಅವರ ಹೊಸ ವರ್ಷದ ಹೆಸರು ನ್ಯೆಪಿ, ಮೌನದ ದಿನ. ಹೆಚ್ಚಾಗಿ ನಮ್ಮ ಯುಗಾದಿಯ ಹಿಂದೆಮುಂದೆಯೇ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದಿದ್ದವು. ಆ ದಿನ ಬಾಲಿಯಲ್ಲಿ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ, ದೀಪ ಹಚ್ಚುವುದಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. ಟಿಕೆಟ್ ತೆಗೆಯುವ ಮುಂಚೆ ಆ ವರ್ಷದ ನ್ಯೆಪಿ ತಾರೀಖು ನೋಡಿ.

ಕಾಗದ ಪತ್ರ

ಪಾಸ್‌ಪೋರ್ಟ್ ಇಲ್ಲದವರು ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಬೇಕಾದರೆ ಇನ್ನೂ 2,000. ಇರುವವರು ಅವಧಿ ನೋಡಿಕೊಳ್ಳಿ. ನೀವು ಅಲ್ಲಿ ಇಳಿಯುವ ದಿನಕ್ಕೆ ಕನಿಷ್ಠ 6 ತಿಂಗಳು ಬಾಕಿ ಇರಬೇಕು.

ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ. ಶುಲ್ಕ ಅಲ್ಲಿನ ದುಡ್ಡಲ್ಲಿ 5 ಲಕ್ಷ ರುಪಿಯಾ. ಅಂಕಿ ನೋಡಿ ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಮೂರು ಸಾವಿರದ ಒಳಗೆ. 30 ದಿನ ಇರಬಹುದು. ಮನೆಯಲ್ಲೇ ಕೂತು ಇಂಡೋನೇಷ್ಯಾ ವಲಸೆ ಇಲಾಖೆಯ ತಾಣದಲ್ಲಿ ಮೊದಲೇ ತೆಗೆದರೆ ಸಾಲು ತಪ್ಪುತ್ತದೆ. ಸರ್ಕಾರಿ ತಾಣದ ಹಾಗೇ ಕಾಣುವ ಬೇರೆ ತಾಣಗಳು ಎರಡು ಪಟ್ಟು ದುಡ್ಡು ಕೇಳುತ್ತವೆ, ವಿಳಾಸ ಸರಿಯಾಗಿ ನೋಡಿ. ವಾಪಸ್ ಟಿಕೆಟ್ ಕೇಳಬಹುದು, ಪ್ರಿಂಟ್ ಇಟ್ಟುಕೊಳ್ಳಿ. ಅಲ್ಲಿ ಇಳಿಯುವ ಮುಂಚಿನ 3 ದಿನದೊಳಗೆ 'ಆಲ್ ಇಂಡೋನೇಷ್ಯಾ' ಅನ್ನುವ ಆಗಮನ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಬಾಲಿಗೆ ಕಾಲಿಡುವ ವಿದೇಶಿಯರಿಗೆ 2024ರ ಫೆಬ್ರವರಿಯಿಂದ 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕವೂ ಇದೆ. ಇದು ವೀಸಾ ಶುಲ್ಕಕ್ಕಿಂತ ಬೇರೆ.

ರುಪಿಯಾ ಲೆಕ್ಕಕ್ಕೆ ಒಂದು ಸುಲಭ ದಾರಿ: ಕೊನೆಯ ಮೂರು ಸೊನ್ನೆ ತೆಗೆದು ಉಳಿದದ್ದನ್ನು ಐದೂವರೆಯಿಂದ ಗುಣಿಸಿ. 50,000 ಅಂದರೆ ಹೆಚ್ಚೂಕಡಿಮೆ 275 ರೂಪಾಯಿ.

ಮೂರು ತಿಂಗಳ ಮುಂಚೆಯೇ ನೀರಿಗಿಳಿಯಿರಿ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಕಡೆಯವರಿಗೆ ಇದೇ ಮುಖ್ಯ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹುಡುಗರನ್ನು ಬಾವಿಗೆ ಇಳಿಸುತ್ತಿದ್ದರು. ಈಗ ಬಾವಿಗಳೂ ಇಲ್ಲ, ಈಜುವವರೂ ಕಡಿಮೆ. ಈಜು ಬರದೇ ಗಿಲಿಗೆ ಹೋದರೆ ದ್ವೀಪದ ಅರ್ಧದಷ್ಟು ಸಂತೋಷ ನೀರಿನೊಳಗೇ ಉಳಿದುಬಿಡುತ್ತದೆ.

ಪೂರ್ತಿ ಈಜು ಕಲಿಯಬೇಕು ಅಂತಲ್ಲ. ಈಜುಕೊಳಕ್ಕೆ ಹೋಗಿ ಎರಡು ಕೆಲಸ ಅಭ್ಯಾಸ ಮಾಡಿ. ಒಂದು, ಅಂಗಾತ ತೇಲುವುದು. ಇನ್ನೊಂದು, ಮುಖ ನೀರಲ್ಲಿಟ್ಟು ಬಾಯಿಂದ ಕೊಳವೆಯಲ್ಲಿ ಉಸಿರಾಡುವುದು. ಒಂದು ಮಾಸ್ಕ್, ಸ್ನಾರ್ಕೆಲ್ ಕೊಳವೆ ಇಲ್ಲೇ ಕೊಂಡು ಮೂಗು ಮುಚ್ಚಿದಾಗ ಆಗುವ ಗಾಬರಿ ಇಲ್ಲೇ ಕಳೆದುಕೊಳ್ಳಿ. ನನ್ನ ಹೆಂಡತಿ 45ನೇ ವಯಸ್ಸಿನಲ್ಲಿ ಹತ್ತು ದಿನ ಹೀಗೆ ಮಾಡಿ ಹೊರಟಳು. ಅಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಒಂದು ತಾಸು ನೀರಿನ ಮೇಲೆ ತೇಲಿದಳು. ಕರೆದರೂ ಎದ್ದು ಬರಲಿಲ್ಲ.

ಚೀಲದಲ್ಲಿ ಏನಿರಬೇಕು

ಚಕ್ರದ ಸೂಟ್‌ಕೇಸ್ ಬೇಡವೇ ಬೇಡ. ದ್ವೀಪದ ದಾರಿಗಳು ಮರಳು. ಕೆಲವು ಸಲ ದೋಣಿಯಿಂದ ಮೊಣಕಾಲುದ್ದ ನೀರಿಗೇ ಇಳಿಯಬೇಕಾಗುತ್ತದೆ. ಬೆನ್ನಿಗೆ ಹಾಕುವ ಚೀಲ, ಒದ್ದೆಯಾದರೂ ಕೆಡದ ಚಪ್ಪಲಿ, ಮೊಬೈಲ್‌ಗೆ ನೀರು ಹೋಗದ ಕವರ್ ಸಾಕು. ತುಂಬು ತೋಳಿನ ಈಜು ಅಂಗಿ ಒಂದು ಇರಲಿ. ನಾವು ಬಿಸಿಲ ನಾಡಿನವರು, ನಮಗೇನಾಗುತ್ತೆ ಅನ್ನಬೇಡಿ. ನೀರಿನ ಮೇಲೆ ಬೋರಲು ತೇಲುವಾಗ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಮಲಗಲು ಹೋದಾಗ ಗೊತ್ತಾಗುತ್ತದೆ.

ಅಲ್ಲಿನ ಪ್ಲಗ್ ದುಂಡನೆಯ ಎರಡು ಪಿನ್ನಿನದು. ನಮ್ಮ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಆದರೆ ಒಂದು ಮಾತು. ನಮ್ಮ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಅಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಬೆಳಗ್ಗೆ ಮುರಿದರೆ ಟಪ್ ಅನ್ನಲಿಲ್ಲ, ಬಾಗಿತು! ಸಮುದ್ರದ ಗಾಳಿಯಲ್ಲಿ ಅಷ್ಟು ತೇವ ಇರುತ್ತದೆ. ನಾಲ್ಕು ನಾಲ್ಕು ರೊಟ್ಟಿ ಬೇರೆ ಬೇರೆ ಜಿಪ್ ಚೀಲದಲ್ಲಿ ಹಾಕಿ, ಬೇಕಾದಾಗ ಒಂದೊಂದೇ ತೆರೆಯಿರಿ. ತಾಜಾ ಹಣ್ಣು, ಬೀಜ, ಮಾಂಸ, ಹಾಲಿನ ಪದಾರ್ಥ ಒಯ್ಯಬೇಡಿ.

ಬಾಲಿ ತನಕ

ಕಲಬುರಗಿ, ಯಾದಗಿರಿಯವರಿಗೆ ಬೆಂಗಳೂರು ದಾರಿ ಸುಲಭ. ಬೆಂಗಳೂರಿನಿಂದ ಬಾಲಿಗೆ 2024ರ ಮಾರ್ಚ್‌ನಲ್ಲಿ ಇಂಡಿಗೊ ನೇರ ವಿಮಾನ ಶುರುಮಾಡಿತು. ಹಾರಾಟ ಆರೂವರೆಯಿಂದ ಏಳು ಗಂಟೆ. ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್ ರೈಲುಗಳಿವೆ. ಅದೇ ವರ್ಷ ಬಂದ ವಂದೇ ಭಾರತ್ ಬೆಳಗ್ಗೆ ಕಲಬುರಗಿ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟಿಸುತ್ತದೆ. ಯಲಹಂಕದಲ್ಲಿ ನಿಲ್ಲುವ ರೈಲಾದರೆ ಅಲ್ಲೇ ಇಳಿಯಿರಿ, ವಿಮಾನ ನಿಲ್ದಾಣ ಹತ್ತಿರ. ರೈಲು ಮುಟ್ಟುವುದಕ್ಕೂ ವಿಮಾನಕ್ಕೂ ನಡುವೆ ಕನಿಷ್ಠ ಎಂಟು ಗಂಟೆ ಇರಲಿ.

ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ರಸ್ತೆಯಲ್ಲಿ ಮೂರು ತಾಸಿನ ಆಸುಪಾಸು. ಅಲ್ಲಿಂದ ಸಿಂಗಪುರ, ಕೌಲಾಲಂಪುರ ಅಥವಾ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಹೋಗಬಹುದು. ಬಾಲಿ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ.

ದೋಣಿ ದಾಟುವುದು

ಬಾಲಿಯ ಪೂರ್ವ ಕರಾವಳಿಯಲ್ಲಿ ಪದಂಗ್ ಬಾಯ್ ಅನ್ನುವ ಬಂದರು. ವಿಮಾನ ನಿಲ್ದಾಣದಿಂದ ಅಲ್ಲಿಗೆ ಕಾರಿನಲ್ಲಿ ಒಂದೂವರೆಯಿಂದ ಎರಡು ತಾಸು. ಅಲ್ಲಿಂದ ವೇಗದ ದೋಣಿಯಲ್ಲಿ ಗಿಲಿಗೆ ಒಂದೂವರೆ, ಎರಡು ತಾಸು. ಮಧ್ಯಾಹ್ನದ ನಂತರ ದೋಣಿಗಳು ನಿಂತುಹೋಗುತ್ತವೆ. ನಿಮ್ಮ ವಿಮಾನ ಬೆಳಗ್ಗೆ ಬೇಗ ಇಳಿಯದಿದ್ದರೆ ಆ ದಿನ ದೋಣಿಯ ಆಸೆ ಬಿಡಿ. ಪದಂಗ್ ಬಾಯ್‌ನಲ್ಲೇ ರಾತ್ರಿ ಮಲಗಿ, ಮರುದಿನ ಬೆಳಗಿನ ದೋಣಿ ಹತ್ತಿ. ಬೆಳಗ್ಗೆ ಸಮುದ್ರವೂ ಶಾಂತ.

ಲೊಂಬೊಕ್ ವಿಮಾನ ನಿಲ್ದಾಣದ ದಾರಿಯೂ ಇದೆ. ಅಲ್ಲಿಂದ ಕಾರಿನಲ್ಲಿ ಬಂಗ್ಸಲ್ ಬಂದರಿಗೆ ಬಂದರೆ ಊರಿನ ಜನ ಓಡಾಡುವ ದೋಣಿಗಳೇ ಸಿಗುತ್ತವೆ. ಆಯಿರ್‌ಗೆ ಹದಿನೈದು ನಿಮಿಷ ಅಷ್ಟೇ. ಅಲೆಗೆ ಹೆದರುವವರಿಗೆ ಇದು ವಾಸಿ.

ಬಾಲಿ, ಲೊಂಬೊಕ್ ನಡುವಿನ ಜಲಸಂಧಿ ಆಳವಾದದ್ದು, ಸೆಳೆತ ಜೋರು. ಎರಡು ಕಡೆಯ ಪ್ರಾಣಿ ಪಕ್ಷಿಗಳು ಬೇರೆ ಬೇರೆ ಅಂತ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1856ರಲ್ಲಿ ಗಮನಿಸಿದ್ದು ಇಲ್ಲೇ. ಏಷ್ಯಾದ ಜೀವಿಗಳ ಗಡಿ ಅಂತ ಇವತ್ತಿಗೂ ಹೇಳುವ ವ್ಯಾಲೇಸ್ ರೇಖೆಯನ್ನು ನೀವು ದೋಣಿಯಲ್ಲಿ ದಾಟುತ್ತೀರಿ. ದಾಟುವಾಗ ಹೊಟ್ಟೆ ತೊಳಸುತ್ತದೆ. ವಾಂತಿ ತಡೆಯುವ ಮಾತ್ರೆ ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಿ. ಬರೀ ಹೊಟ್ಟೆಯಲ್ಲಿ ಹತ್ತಬೇಡಿ. ಹಿಂದಿನ ಸೀಟು ಹಿಡಿದು ದೂರದ ದಿಗಂತ ನೋಡುತ್ತಾ ಕೂರಿ. ಮೊಬೈಲ್ ನೋಡಿದರೆ ಕೆಟ್ಟಿತು.

ದ್ವೀಪದಲ್ಲಿ ದಿನ ಕಳೆಯುವುದು

ಇಳಿದ ಕೂಡಲೇ ಚಿದೊಮೊದವರು ಕರೆಯುತ್ತಾರೆ. ಸಾಮಾನು ಜಾಸ್ತಿ ಇದ್ದರೆ, ವಯಸ್ಸಾದವರಿದ್ದರೆ ಹತ್ತಿ, ದರ ಮೊದಲೇ ಮಾತಾಡಿ. ಇಲ್ಲದಿದ್ದರೆ ನಡೆಯಿರಿ. ಆ ಉರಿಯಲ್ಲಿ ಮರಳಿನ ಮೇಲೆ ಗಾಡಿ ಎಳೆಯುವ ಕುದುರೆ ನೋಡಿದರೆ ಮನಸ್ಸು ತಡೆಯುವುದಿಲ್ಲ. ಸಿಹಿನೀರು ಅಲ್ಲಿ ಮನುಷ್ಯರಿಗೇ ಕಷ್ಟ. ಎಷ್ಟೋ ಕೋಣೆಗಳಲ್ಲಿ ಸ್ನಾನದ ನೀರೂ ಸ್ವಲ್ಪ ಉಪ್ಪು ಇರುತ್ತದೆ. ನಲ್ಲಿ ನೀರು ಕುಡಿಯಬೇಡಿ. ಸ್ಟೀಲ್ ಬಾಟಲಿ ಒಯ್ದು ನೀರು ತುಂಬಿಸುವ ಕಡೆ ತುಂಬಿಸಿಕೊಳ್ಳಿ.

ಮೊದಲ ದಿನ ಏನೂ ಬುಕ್ ಮಾಡಬೇಡಿ. ಇದು ನಮಗೆ ಕಷ್ಟ, ಅಲ್ವಾ? ದುಡ್ಡು ಕೊಟ್ಟು ಬಂದಿದ್ದೇವೆ, ಎಲ್ಲ ನೋಡಿಬಿಡಬೇಕು ಅನಿಸುತ್ತದೆ. ತಡೆದುಕೊಳ್ಳಿ. ಸಂಜೆ ಬರಿಗಾಲಲ್ಲಿ ದ್ವೀಪ ಒಂದು ಸುತ್ತು ಹಾಕಿ. ಪೂರ್ವಕ್ಕೆ ಲೊಂಬೊಕ್‌ನ ರಿಂಜಾನಿ ಕಾಣುತ್ತದೆ, 3,726 ಮೀಟರ್ ಎತ್ತರದ ಜ್ವಾಲಾಮುಖಿ. ಪಶ್ಚಿಮಕ್ಕೆ ಬಾಲಿಯ ಆಗುಂಗ್ ಪರ್ವತದ ಕಡೆ ಸೂರ್ಯ ಇಳಿಯುತ್ತಾನೆ. ಎಲ್ಲಿ ನೆರಳು ಚೆನ್ನಾಗಿದೆ, ಎಲ್ಲಿ ನೀರಿಗೆ ಇಳಿಯುವುದು ಸುಲಭ, ಎಲ್ಲಿ ಚಹಾ ಚೆನ್ನಾಗಿದೆ ಅಂತ ಆ ಒಂದು ಸುತ್ತಿನಲ್ಲೇ ಗೊತ್ತಾಗುತ್ತದೆ. ಉಳಿದ ನಾಲ್ಕು ದಿನ ಆ ಜಾಗಗಳಿಗೇ ಮತ್ತೆ ಮತ್ತೆ ಹೋಗಿ. ಮೂರನೇ ದಿನ ಚಹಾದ ಅಂಗಡಿಯಾಕೆ ಕೇಳದೆಯೇ ನನಗೆ ಸಕ್ಕರೆ ಕಡಿಮೆ ಹಾಕಿ ಕೊಟ್ಟಳು.

ನಾನು ಇಟ್ಟುಕೊಂಡ ದಿನಚರಿ ಇಷ್ಟೇ. ಬೆಳಕು ಹರಿಯುವಾಗ ನಡಿಗೆ. ಎಂಟರಿಂದ ಹತ್ತರವರೆಗೆ ನೀರು. ಹನ್ನೊಂದರಿಂದ ಮೂರರವರೆಗೆ ನೆರಳು, ನಿದ್ದೆ, ಸುಮ್ನೆ ಕೂರುವುದು. ನಾಲ್ಕರ ಮೇಲೆ ಮತ್ತೆ ನೀರು ಇಲ್ಲವೇ ಸೈಕಲ್. ಮೊಬೈಲ್ ಕೋಣೆಯಲ್ಲೇ. ಎರಡನೇ ದಿನ ಕೈ ಚಡಪಡಿಸುತ್ತದೆ. ಮೂರನೇ ದಿನ ಮೊಬೈಲ್ ಎಲ್ಲಿಟ್ಟೆ ಅಂತ ಹುಡುಕಬೇಕಾಗುತ್ತದೆ.

ಊರಿನ ಜನ ಹೆಚ್ಚಿನವರು ಮುಸ್ಲಿಮರು. ಬೆಳಗಿನ ಆಜಾನ್ ಕೇಳಿ ಏಳುತ್ತೀರಿ. ಬಂದೇನವಾಜ್ ದರ್ಗಾದ ಊರಿನವರಿಗೆ ಅದು ಮನೆಯ ಸದ್ದೇ. ಸಮುದ್ರದ ದಂಡೆ ಬಿಟ್ಟು ಓಣಿಗಳಿಗೆ ಬಂದಾಗ ಮೈ ಮುಚ್ಚುವ ಬಟ್ಟೆ ಹಾಕಿ. ಮಾತಿಗೆ ಇಳಿಯಿರಿ, ಭಾಷೆ ಅಷ್ಟು ದೂರದ್ದಲ್ಲ. ಅವರು ಭಾಷೆಗೆ ಬಹಾಸಾ ಅನ್ನುತ್ತಾರೆ. ಹೆಸರಿಗೆ ನಾಮಾ, ಹೆಂಡತಿಗೆ ಇಸ್ತ್ರಿ, ಗಂಡನಿಗೆ ಸುಆಮಿ, ಮೇಷ್ಟ್ರಿಗೆ ಗುರು, ಸಕ್ಕರೆಗೆ ಗುಲಾ. ಧನ್ಯವಾದಕ್ಕೆ ತೆರಿಮಾ ಕಾಸಿ. ಆಯಿರ್ ಅಂದರೆ ನೀರು.

ನೀರಿನೊಳಗೆ

ಒಂದು ಬೆಳಗ್ಗೆ ಗಾಜಿನ ತಳದ ದೋಣಿಯಲ್ಲಿ ಎಲ್ಲರ ಜೊತೆ ಹೋಗಿ. ಮೂರೂ ದ್ವೀಪದ ಒಳ್ಳೊಳ್ಳೆ ಜಾಗಗಳಿಗೆ ಕರೆದೊಯ್ಯುತ್ತಾರೆ. ಮೆನೊ ಹತ್ತಿರ ನೀರಿನ ತಳದಲ್ಲಿ 48 ಮನುಷ್ಯಾಕೃತಿಗಳು ದುಂಡಗೆ ನಿಂತಿವೆ. ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ ಮಾಡಿದ್ದು. ಅವುಗಳ ಮೈಮೇಲೆ ಈಗ ಹವಳ ಬೆಳೆಯುತ್ತಿದೆ.

ಆದರೆ ನನ್ನ ಮನಸ್ಸಲ್ಲಿ ಕೂತಿದ್ದು ಆಮೆ. ದಂಡೆಯಿಂದ ಹತ್ತು ಮಾರು ದೂರ, ಎದೆಮಟ್ಟದ ನೀರು. ಕೆಳಗೆ ಹುಲ್ಲು ಮೇಯುತ್ತಿದ್ದ ಹಸಿರಾಮೆ ಮೆಲ್ಲಗೆ ತಲೆ ಎತ್ತಿತು. ಮುಂಗಾಲು ಎರಡು ಸಲ ಬೀಸಿ ಮೇಲೆ ಬಂತು. ನನ್ನಿಂದ ಎರಡು ಮೊಳ ಆಚೆ ಮೂಗು ಹೊರಗಿಟ್ಟು ಫುಸ್ ಅಂತ ಉಸಿರು ಬಿಟ್ಟಿತು. ಆ ಸದ್ದು ಕಿವಿಗೆ ಕೇಳಿಸಿತು. ಮತ್ತೆ ಅದೇ ನಿಧಾನದಲ್ಲಿ ಕೆಳಗಿಳಿದು ಬಿಟ್ಟ ಜಾಗದಿಂದಲೇ ಮೇಯತೊಡಗಿತು. ನೀವಾಗಿ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಅದು ಉಸಿರಿಗೆ ಮೇಲೆ ಬರುವ ದಾರಿಗೆ ಅಡ್ಡ ನಿಲ್ಲಬೇಡಿ. ಅಲುಗಾಡದೆ ತೇಲಿ, ಅದೇ ಬರುತ್ತದೆ.

ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಿನ ಹಾಗೆ ಕಂಡರೂ ಜೀವ. ತ್ರಾವಂಗನ್‌ನಲ್ಲಿ 2004ರಿಂದ ಹವಳ ಉಳಿಸಲು ಬಯೋರಾಕ್ ಅನ್ನುವ ಕ್ರಮ ಬಳಸುತ್ತಿದ್ದಾರೆ. ಕಬ್ಬಿಣದ ಚೌಕಟ್ಟು ನೀರಿಗಿಳಿಸಿ ಸಣ್ಣ ವಿದ್ಯುತ್ ಹರಿಸುತ್ತಾರೆ. ಸಮುದ್ರದ ನೀರಲ್ಲಿರುವ ಸುಣ್ಣದ ಅಂಶ ಅದರ ಮೇಲೆ ಪದರವಾಗಿ ಕೂರುತ್ತದೆ, ಅಲ್ಲಿ ಹವಳದ ತುಂಡು ಹಚ್ಚುತ್ತಾರೆ. ಅದನ್ನು ನೋಡುವಾಗ ನನಗೆ ಮನೆಯ ನೆಲ ನೆನಪಾಯಿತು. ನಾವು ಬರಿಗಾಲಲ್ಲಿ ಓಡಾಡುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಕೋಟಿಗಟ್ಟಲೆ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು. ಸಮುದ್ರ ನಮ್ಮ ಕಡೆಯೂ ಇತ್ತು.

ಒಂದು ಎಚ್ಚರ: ದ್ವೀಪದಿಂದ ದ್ವೀಪಕ್ಕೆ ಈಜುವ ಯೋಚನೆ ಬೇಡ. ಹತ್ತಿರ ಕಾಣುತ್ತದೆ, ಆದರೆ ನಡುವಿನ ಸೆಳೆತ ಒಳ್ಳೆ ಈಜುಗಾರರನ್ನೂ ಎಳೆದೊಯ್ಯುತ್ತದೆ. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾ ಮಾಡಿದರೆ, ವಿಮಾನ ಹತ್ತುವ ಮುಂಚೆ ಪೂರ್ತಿ ಒಂದು ದಿನ ಬಿಡಿ.

ಊಟ, ದುಡ್ಡು, ಹುಷಾರು

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಗಾದೋ ಗಾದೋ ಅಂದರೆ ಬೇಯಿಸಿದ ತರಕಾರಿಗೆ ಶೇಂಗಾ ಸಾರು. ನಮ್ಮ ನಾಲಿಗೆಗೆ ತಕ್ಷಣ ಹಿಡಿಸುತ್ತದೆ. ಸೋಯಾ ಕಾಳಿನ ತೆಂಪೆ ಹುರಿದು ಕೊಡುತ್ತಾರೆ. ಆದರೆ ಅಲ್ಲಿನ ಚಟ್ನಿ ಸಂಬಲ್‌ನಲ್ಲಿ ತೆರಾಸಿ ಅನ್ನುವ ಸಿಗಡಿ ಮುದ್ದೆ ಸೇರಿರುತ್ತದೆ, ಹೆಸರು ಕೇಳಿ ಗೊತ್ತಾಗುವುದಿಲ್ಲ. ಮೂರು ಮಾತು ಬಾಯಿಪಾಠ ಮಾಡಿ: ತನ್ಪಾ ದಾಗಿಂಗ್, ಮಾಂಸ ಬೇಡ. ತನ್ಪಾ ತೆಲೂರ್, ಮೊಟ್ಟೆ ಬೇಡ. ತನ್ಪಾ ತೆರಾಸಿ, ಸಿಗಡಿ ಬೇಡ.

ನಮ್ಮ ಯುಪಿಐ ನಂಬಿ ಹೋಗಬೇಡಿ. ತ್ರಾವಂಗನ್, ಆಯಿರ್‌ನಲ್ಲಿ ಎಟಿಎಂ ಇವೆ. ಮೆನೊಗೆ ಹೋಗುವವರು ಬಾಲಿಯಲ್ಲೇ ನಗದು ತೆಗೆದುಕೊಳ್ಳಿ. ಡಾಲರ್ ಒಯ್ದರೆ ಹೊಸ, ಮಡಿಕೆ ಇಲ್ಲದ ನೋಟೇ ಇರಲಿ.

ದ್ವೀಪದಲ್ಲಿ ಸಣ್ಣ ಕ್ಲಿನಿಕ್‌ಗಳಷ್ಟೇ ಇವೆ. ದೊಡ್ಡ ತೊಂದರೆಗೆ ಲೊಂಬೊಕ್‌ನ ಮತಾರಂ ನಗರಕ್ಕೆ ಹೋಗಬೇಕು. ಹಾಗಾಗಿ ಪ್ರಯಾಣ ವಿಮೆ ಮಾಡಿಸಿ. ಅಗ್ಗದ ಸ್ಥಳೀಯ ಮದ್ಯ ಮುಟ್ಟಬೇಡಿ, ಮೆಥನಾಲ್ ಬೆರೆತು ಜೀವ ಹೋದದ್ದಿದೆ. ಮಾದಕ ವಸ್ತುವಿಗೆ ಆ ದೇಶದಲ್ಲಿ ಮರಣದಂಡನೆಯವರೆಗೂ ಶಿಕ್ಷೆ ಇದೆ. ಇದು ಭೂಕಂಪದ ಸೀಮೆ ಕೂಡ. 2018ರ ಆಗಸ್ಟ್ 5ರಂದು 6.9 ತೀವ್ರತೆಯ ಕಂಪನ ಬಂದಾಗ ಸಾವಿರಾರು ಜನರನ್ನು ಗಿಲಿಗಳಿಂದ ದೋಣಿಯಲ್ಲಿ ಸಾಗಿಸಿದ್ದರು. ಕೋಣೆ ಸೇರಿದ ದಿನವೇ ಎತ್ತರದ ಜಾಗಕ್ಕೆ ದಾರಿ ಯಾವುದು ಅಂತ ಕೇಳಿಟ್ಟುಕೊಳ್ಳಿ.

ವಾಪಸ್ ಬರುವಾಗ

ಮೊದಲ ಸಲ ನಾನು ದೋಣಿಗೂ ವಿಮಾನಕ್ಕೂ ನಡುವೆ ಆರು ಗಂಟೆ ಇಟ್ಟಿದ್ದೆ. ಸಾಕು ಅಂದುಕೊಂಡೆ. ಆ ಬೆಳಗ್ಗೆ ಅಲೆ ಎದ್ದು ದೋಣಿ ರದ್ದಾಯಿತು. ದೋಣಿಯವರು ಮಧ್ಯಾಹ್ನಕ್ಕೆ ಬಿಡುತ್ತೇವೆ ಅಂದರು, ಬಿಡಲಿಲ್ಲ. ವಿಮಾನ ಹೋಯಿತು, ಹೊಸ ಟಿಕೆಟ್‌ಗೆ ಇಡೀ ಪ್ರವಾಸದ ಖರ್ಚಿನಷ್ಟೇ ಹೋಯಿತು. ನಾಲ್ಕು ದಿನದ ಖುಷಿ ಒಂದೇ ಮಧ್ಯಾಹ್ನಕ್ಕೆ ಕರಗಿತು.

ಹಾಗಾಗಿ ಕೊನೆಯ ರಾತ್ರಿ ಬಾಲಿಯಲ್ಲೇ ಕಳೆಯಿರಿ. ಬೆಳಗಿನ ದೋಣಿಗೆ ದಾಟಿ, ಮರುದಿನ ವಿಮಾನ ಹಿಡಿಯಿರಿ. ದೋಣಿ ಟಿಕೆಟ್ ಕೊಳ್ಳುವಾಗಲೇ ರದ್ದಾದರೆ ದುಡ್ಡು ವಾಪಸ್ಸೋ ಇಲ್ಲವೋ ಬರಹದಲ್ಲಿ ಕೇಳಿ. ಬೆಂಗಳೂರಿಗೆ ಇಳಿದ ದಿನವೇ ರಾತ್ರಿ ರೈಲು ಸಿಗುತ್ತದೆ, ಬರ್ತ್ ಎರಡು ತಿಂಗಳ ಮುಂಚೆ ಕಾಯ್ದಿರಿಸಿ. ಉಪ್ಪು ಹಿಡಿದ ಮಾಸ್ಕ್, ಚಪ್ಪಲಿ, ಚೀಲದ ಜಿಪ್ಪನ್ನು ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಂದು ವಾರ ಬಿಟ್ಟರೆ ಜಿಪ್ ಹಿಡಿದುಕೊಳ್ಳುತ್ತದೆ. ಹವಳ, ಚಿಪ್ಪು ಏನೂ ತರಬೇಡಿ. ಚೀಲದ ಮೂಲೆಯಲ್ಲಿ ಮರಳಂತೂ ಬಂದೇ ಬರುತ್ತದೆ. ನಮ್ಮ ಮನೆಯ ಕಪ್ಪು ಕಲ್ಲಿನ ಮೇಲೆ ಕೊಡವಿದಾಗ ಅದು ಬೆಳ್ಳಗೆ ಎದ್ದು ಕಂಡಿತು.